ಕೋಲುಮಂಡೆಯ ರ‍್ಯಾಪ್ ಮತ್ತು ಸಂಕಮ್ಮನ ನಿರಾಕರಣೆ

2020ರ ಆಗಸ್ಟ್, ಗೌರಿ–ಗಣೇಶ ಹಬ್ಬದ ಸಮಯ. ಕೊರೋನಾ ಕಾಲವಾದ್ದರಿಂದ ಬೀದಿಯಲ್ಲಿ ಪೆಂಡಾಲಿಲ್ಲ, ಆರ್ಕೆಸ್ಟ್ರಾ ಇಲ್ಲ; ಹಬ್ಬದ ಹಾಡೆಲ್ಲ ಫೋನಿನೊಳಗೆ ಸೇರಿಕೊಂಡಿತ್ತು. ಆಗ ರ‍್ಯಾಪರ್ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಆನಂದ್ ಆಡಿಯೊ ಮೂಲಕ ಯೂಟ್ಯೂಬಿಗೆ ಬಂತು. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಹಾಡುಗಳ ಪೈಕಿ ತುಂಬ ಜನರ ಬಾಯಲ್ಲಿರುವ ಒಂದನ್ನು ಎತ್ತಿಕೊಂಡು, ಅದಕ್ಕೆ ಬೀಟ್ ಕೂರಿಸಿ, ರ‍್ಯಾಪ್ ಸೇರಿಸಿ, ಕುಣಿತದ ವಿಡಿಯೊ ಮಾಡಿದ್ದರು. ಹಾಡು ಬಂದದ್ದೇ ತಡ, ಓಡತೊಡಗಿತು. ಅಷ್ಟೇ ಬೇಗ ಚಾಮರಾಜನಗರದ ಕಡೆಯಿಂದ ಸಿಟ್ಟೂ ಎದ್ದಿತು. ಶಿವಶರಣೆ ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಲಾಗಿದೆ, ಹಾಡನ್ನು ತಿರುಚಲಾಗಿದೆ, ಮಾದಪ್ಪನ ಒಕ್ಕಲಿಗೆ ನೋವಾಗಿದೆ ಎಂಬ ದೂರುಗಳು ಬಂದವು. ಕೆಲವೇ ದಿನಗಳಲ್ಲಿ ವಿಡಿಯೊವನ್ನು ಇಳಿಸಲಾಯಿತು. ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ಅಲ್ಲಿಗೆ ಪ್ರಕರಣ ಮುಗಿಯಿತೆಂದು ಎಲ್ಲರೂ ಕೈತೊಳೆದುಕೊಂಡರು.

ನನ್ನ ಲೆಕ್ಕದಲ್ಲಿ ಅದು ಮುಗಿದಿಲ್ಲ. ಆ ವಾರ ನಡೆದ ವಾದದಲ್ಲಿ ಎರಡೇ ಮಾತು ಕೇಳಿಬಂದವು. ಕಲಾವಿದನಿಗೆ ಸ್ವಾತಂತ್ರ್ಯ ಬೇಕು ಎಂಬುದು ಒಂದು. ಭಕ್ತರ ಭಾವನೆಗೆ ಧಕ್ಕೆ ತರಬಾರದು ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಈ ಹಾಡನ್ನು ತಲೆತಲಾಂತರದಿಂದ ಗಂಟಲಲ್ಲಿ ಹೊತ್ತು ತಂದ ದೇವರಗುಡ್ಡರ ಹೆಸರು ಎರಡು ಕಡೆಯವರ ಬಾಯಲ್ಲೂ ಹೆಚ್ಚು ಬರಲಿಲ್ಲ. ಹಾಡು ಮಾಡಿದವರಿಗೆ ಬೇಕಿದ್ದದ್ದು ಒಂದು ಸೊಲ್ಲು, ಒಂದು ರಾಗ. ತೆಗೆಸಿದವರಿಗೆ ಬೇಕಿದ್ದದ್ದು ಒಂದು ಕ್ಷಮೆ. ಸಂಕಮ್ಮ ಯಾರು, ಅವಳು ಏನು ಮಾಡಿದಳು, ಅವಳ ಕಥೆಯನ್ನು ಕಾಪಾಡಿದವರು ಯಾರು ಎಂದು ಯಾರೂ ನಿಂತು ಕೇಳಲಿಲ್ಲ. ರ‍್ಯಾಪ್ ಮಾಡಿದ್ದು ತಪ್ಪಲ್ಲ. ಕಥೆಯನ್ನೂ ಅದನ್ನು ಕಾಪಾಡಿದ ಜನರನ್ನೂ ಕಳಚಿಟ್ಟು ಸೊಲ್ಲನ್ನಷ್ಟೇ ಒಯ್ದದ್ದು ತಪ್ಪು. ಪ್ರತಿಭಟನೆಯೂ ಆ ತಪ್ಪನ್ನು ತಿದ್ದಲಿಲ್ಲ, ಬೇರೆ ರೀತಿಯಲ್ಲಿ ಅದನ್ನೇ ಮತ್ತೊಮ್ಮೆ ಮಾಡಿತು.

ಮೊದಲು ಊರಿನ ಮಾತು. ಚಾಮರಾಜನಗರ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಹನೂರು ತಾಲ್ಲೂಕಿನ ಕಾಡಿನ ನಡುವೆ, ಎಪ್ಪತ್ತೇಳು ಮಲೆಯ ಒಡೆಯನಾದ ಮಾದಪ್ಪನ ಬೆಟ್ಟ. ಪಶ್ಚಿಮದ ಅಂಚಿನಲ್ಲಿ, ಬಂಡೀಪುರದ ಮಗ್ಗುಲಲ್ಲಿ, ಗುಂಡ್ಲುಪೇಟೆ. ಇವೆರಡರ ನಡುವಿನ ಊರುಗಳಲ್ಲಿ ಮಾದಪ್ಪನಿಗೆ ನಡೆದುಕೊಳ್ಳುವ ಒಕ್ಕಲಿಲ್ಲದ ಊರು ಹುಡುಕುವುದು ಕಷ್ಟ. ಮನೆಯ ಹರಕೆಯಂತೆ ಮಗನನ್ನು ಗುಡ್ಡನಾಗಿ ಬಿಡುತ್ತಾರೆ. ಗುರುವಿನಿಂದ ದೀಕ್ಷೆಯಾಗಿ, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಗೆ ಕಂಸಾಳೆ ಬರುತ್ತದೆ. ಕುರುಬರು, ಉಪ್ಪಾರರು, ಬೆಸ್ತರು, ಹೊಲೆಯರು, ಸೋಲಿಗರು ಹೀಗೆ ಹಲವು ಜಾತಿಗಳಿಂದ ಗುಡ್ಡರಾದವರಿದ್ದಾರೆ. ಕಂಸಾಳೆಯ ಎರಡು ತಾಳಗಳಲ್ಲಿ ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಬೀಸು ಕಂಸಾಳೆಯಲ್ಲಿ ಅವು ತಲೆಯ ಮೇಲೆ, ಕಾಲಿನ ಸಂದಿಯಲ್ಲಿ, ಬೆನ್ನ ಹಿಂದೆ ಸುತ್ತಿ ಬಂದು ಮತ್ತೆ ತಾಳಕ್ಕೆ ಸರಿಯಾಗಿ ಕೂಡುತ್ತವೆ. ವೇದಿಕೆಯ ಮೇಲೆ ಜನ ನೋಡುವುದು ಇಷ್ಟನ್ನು. ಗುಡ್ಡನ ಬದುಕಿನಲ್ಲಿ ಇದು ಸಣ್ಣ ಭಾಗ. ದೊಡ್ಡ ಭಾಗವೆಂದರೆ ಮನೆಮನೆಗೆ ಕೋರಣ್ಯಕ್ಕೆ, ಅಂದರೆ ಭಿಕ್ಷೆಗೆ, ಹೋಗುವುದು, ಮತ್ತು ಒಕ್ಕಲಿನ ಮನೆಯಲ್ಲಿ ರಾತ್ರಿಯಿಡೀ ಕೂತು ಕಥೆ ಹಾಡುವುದು.

ಆ ಕಥೆಗೆ ಸಾಲುಗಳಿವೆ. ಶ್ರವಣನ ಸಾಲು, ಆಲಂಬಾಡಿ ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಸಂಕಮ್ಮನ ಸಾಲು. ಹಾಡು, ಅದರ ಬೆನ್ನಿಗೆ ಮಾತು, ಮತ್ತೆ ಹಾಡು. ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಿಡಿಯುವಾಗ ಮುಂದಿನವನು ಉಸಿರು ತೆಗೆದುಕೊಳ್ಳುತ್ತಾನೆ. ಪಿ.ಕೆ. ರಾಜಶೇಖರ ಈ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದಾಗ ಕನ್ನಡ ಓದುಗರಿಗೆ ಅದರ ಗಾತ್ರವೇ ಅಚ್ಚರಿಯಾಗಿತ್ತು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಅಲ್ಲಿ ಹಾಡಿದವನ ಹೆಸರು ಪುಸ್ತಕದ ಜೊತೆಗೇ ಉಳಿದಿದೆ. ವಿದ್ವತ್ತು ಕಲಿತ ಈ ಸೌಜನ್ಯವನ್ನು ಮಾರುಕಟ್ಟೆ ಇನ್ನೂ ಕಲಿತಿಲ್ಲ.

ಜನಪದಕ್ಕೂ ರ‍್ಯಾಪಿಗೂ ಏನು ಸಂಬಂಧ, ಅಮೆರಿಕದ್ದನ್ನು ತಂದು ಮಾದಪ್ಪನ ಹಾಡಿಗೆ ಅಂಟಿಸುವುದೇ ಅಪಚಾರ ಎನ್ನುವವರು ಗುಡ್ಡರ ಹಾಡನ್ನು ಒಂದು ರಾತ್ರಿಯಾದರೂ ಪೂರಾ ಕೇಳಿರಲಾರರು. ಹಾಡಿನ ನಡುವೆ ಗುಡ್ಡ ಆಡುವ ಮಾತು ಬರಿಯ ಗದ್ಯವಲ್ಲ. ತಾಳ ನಿಂತರೂ ಲಯ ನಿಲ್ಲದು. ಹೆಸರುಗಳ ಪಟ್ಟಿ, ಊರುಗಳ ಪಟ್ಟಿ, ದಾನಕ್ಕೆ ಬಂದ ಧಾನ್ಯದ ಪಟ್ಟಿ, ಬೈಗುಳ, ಪ್ರಶ್ನೆ, ಉತ್ತರ ಎಲ್ಲ ಒಂದೇ ಉಸಿರಿನಲ್ಲಿ ಏರುತ್ತ ಹೋಗಿ ಸರಿಯಾದ ಜಾಗದಲ್ಲಿ ಕಂಸಾಳೆಯ ಪೆಟ್ಟಿಗೆ ಬಂದು ಬೀಳುತ್ತದೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಡಿಜೆ ತಾಳವಾದ್ಯದ ತುಣುಕುಗಳನ್ನು ಹಿಗ್ಗಿಸಿ ನುಡಿಸತೊಡಗಿದಾಗ ಹುಟ್ಟಿದ ಕಲೆಯೂ ಹೀಗೆಯೇ: ಲಯದ ಮೇಲೆ ಮಾತು, ಮಾತಿನಲ್ಲಿ ತನ್ನ ಬೀದಿಯ ಹೆಸರು, ತನ್ನ ಜನರ ಹೆಸರು, ಮೇಲಿನವರಿಗೆ ಸವಾಲು. ಬಂಕಾಪುರಿಯ ಶ್ರವಣ ದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಂಡದ್ದು, ಹರಳಯ್ಯ ಮಾಡಿದ ಪಾದುಕೆಯಿಂದ ಅವನ ಅಂತ್ಯವಾದದ್ದು, ಭಿಕ್ಷೆ ಕೊಡದ ಸಿರಿವಂತೆ ಕಾಳಮ್ಮನ ಗರ್ವ ಮುರಿದದ್ದು ಇವನ್ನೆಲ್ಲ ಹಾಡಿಕೊಂಡು ಬಂದ ಪರಂಪರೆಗೆ ಹಿಪ್‌ಹಾಪ್ ಅಪರಿಚಿತ ನೆಂಟನೇನಲ್ಲ.

ಹೊಸ ವಾದ್ಯ, ಹೊಸ ಮಾಧ್ಯಮ ಎಂಬ ಕಾರಣಕ್ಕೇ ಮಾದಪ್ಪನ ಒಕ್ಕಲು ಎಂದೂ ಮುನಿದದ್ದಿಲ್ಲ. ಇದೇ ಕೋಲುಮಂಡೆಯ ಹಾಡು 1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರದಲ್ಲಿ ಬಂತು. ವಿ. ಮನೋಹರ್ ಸಂಗೀತ, ಎಲ್.ಎನ್. ಶಾಸ್ತ್ರಿ ಕಂಠ. ಶಿವರಾಜ್‌ಕುಮಾರ್ ಅಭಿನಯದ ಆ ಚಿತ್ರ ವರ್ಷ ದಾಟಿ ಓಡಿತು. ಈ ಹಾಡಿಗಾಗಿ ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಚಿತ್ರದ ಕಥೆಯ ಬೇರು ಗುಜರಾತಿನಲ್ಲಿ, ಪನ್ನಾಲಾಲ್ ಪಟೇಲರ ‘ಮಳೇಲಾ ಜೀವ್’ ಕಾದಂಬರಿಯಲ್ಲಿ. ಆದರೂ ಹಳೇ ಮೈಸೂರಿನ ಜನ ಅದನ್ನು ತಮ್ಮ ಸೀಮೆಯ ಕಥೆಯೆಂದೇ ನೋಡಿದರು. ಮುಂದೆ ‘ಸೋಜುಗದ ಸೂಜುಮಲ್ಲಿಗೆ’ಯೂ ಅನನ್ಯಾ ಭಟ್ ಕಂಠದಿಂದ ದೇಶದಾಚೆಗೂ ಹೋಯಿತು. 2021ರಲ್ಲಿ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದಲ್ಲಿ, ಮಂಗಳೂರಿನ ರೌಡಿಗಳ ರಕ್ತಸಿಕ್ತ ಕಥೆಯ ನಡುವೆ, ಚೈತ್ರಾ ಆಚಾರ್ ದನಿಯಲ್ಲಿ ಬಂತು. ಭಕ್ತಿಯ ಹಾಡನ್ನು ಕೊಲೆಗಾರನ ಬದುಕಿಗೆ ಹೊಂದಿಸಿದ್ದರೂ ‘ಕೋಲುಮಂಡೆ’ಗೆ ಎದ್ದಂಥ ಸಿಟ್ಟು ಅಲ್ಲಿ ಏಳಲಿಲ್ಲ. ಏಕೆಂದರೆ ಆ ಹಾಡಿನೊಳಗಿನ ಅಳಲು ಆ ಪಾತ್ರದೊಳಗೂ ಇತ್ತು. ಕೇಳುವವರ ಕಿವಿ ಅದನ್ನು ಗುರುತಿಸಿತು.

‘ಕೋಲುಮಂಡೆ’ ಎಡವಿದ್ದು ಎಲ್ಲಿ ಎಂಬುದು ಇದರಿಂದಲೇ ಹೊಳೆಯುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ‘ಪೊಗರು’ ಚಿತ್ರದ ‘ಖರಾಬು’ ಹಾಡು ಬಂದಿತ್ತು; ಸಂಗೀತವೂ ದನಿಯೂ ಚಂದನ್ ಶೆಟ್ಟಿಯವರದೇ. ಹೆಣ್ಣನ್ನು ಬೆದರಿಸಿ ರೇಗಿಸುವುದನ್ನೇ ಗಂಡಸುತನವೆಂದು ಮೆರೆಸಿದೆ ಎಂಬ ಟೀಕೆ ಬಂದರೂ ಅದನ್ನು ಕೋಟಿಗಟ್ಟಲೆ ಬಾರಿ ನೋಡಲಾಯಿತು. ಅದಕ್ಕೂ ಮೊದಲು ‘ತ್ರೀ ಪೆಗ್’ನಿಂದ ಹಿಡಿದು ಕನ್ನಡ ರ‍್ಯಾಪ್ ಸಿಂಗಲ್‌ಗೆ ಒಂದು ಅಚ್ಚು ಸಿದ್ಧವಾಗಿತ್ತು: ಎಳೆಯಲು ಒಂದು ಸಾಲು, ಕುಣಿಯಲು ಒಂದು ಬೀಟ್, ನೋಡಲು ಒಂದು ಹೆಣ್ಣು. ಚಂದನ್ ಶೆಟ್ಟಿಗೆ ಪ್ರತಿಭೆಯಿದೆ. ಕನ್ನಡದಲ್ಲಿ ರ‍್ಯಾಪನ್ನು ಮದುವೆ ಮನೆಯ ತನಕ ಒಯ್ದವರಲ್ಲಿ ಅವರು ಮುಖ್ಯರು, ಇದನ್ನು ಒಪ್ಪದಿರುವುದು ಅನ್ಯಾಯ. ಆದರೆ ಮಾದಪ್ಪನ ಹಾಡು ಕೈಗೆ ಬಂದಾಗಲೂ ಅಚ್ಚು ಬದಲಾಗಲಿಲ್ಲ. ಎಳೆಯುವ ಸಾಲಿನ ಜಾಗಕ್ಕೆ ಕೋಲುಮಂಡೆ ಬಂತು. ನೋಡುವ ಹೆಣ್ಣಿನ ಜಾಗಕ್ಕೆ ಸಂಕಮ್ಮ ಬಂದಳು.

ಸಂಕಮ್ಮ ಆ ಜಾಗದಲ್ಲಿ ನಿಲ್ಲುವವಳಲ್ಲ. ಹಾಡುಗಾರರಿಂದ ಹಾಡುಗಾರರಿಗೆ ವಿವರ ಬದಲಾಗುತ್ತದೆ, ತಿರುಳು ಇಷ್ಟು. ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ, ಮಕ್ಕಳಿಲ್ಲ. ನೀಲೇಗೌಡ ಬೇಟೆಗೂ ಜೇನಿಗೂ ದೀರ್ಘಕಾಲ ಕಾಡಿಗೆ ಹೋಗಬೇಕು. ಹೋಗುವ ಮುಂಚೆ ಅವನ ಮನಸ್ಸಿಗೆ ಅನುಮಾನ ಹೊಕ್ಕಿದೆ. ತಾನಿಲ್ಲದಾಗ ಪರಪುರುಷನ ಕಡೆ ತಿರುಗುವುದಿಲ್ಲವೆಂದು ಬಲಗೈ ಮುಟ್ಟಿ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದೆಯೆಂದಲ್ಲ, ಮಾಡದ ತಪ್ಪಿಗೆ ಮೊದಲೇ ಜಾಮೀನು ಬರೆದುಕೊಡಲು ಅವಳು ಒಪ್ಪುವುದಿಲ್ಲ. ಅವನು ಬಗೆಬಗೆಯಾಗಿ ಹಿಂಸಿಸುತ್ತಾನೆ, ಕಾಡಿನಲ್ಲಿ ಗುಡಿಸಲಿನೊಳಗೆ ಅವಳನ್ನು ಕೂಡಿಹಾಕಿ ಹೊರಟುಹೋಗುತ್ತಾನೆ. ಅಲ್ಲಿಗೆ ಜಂಗಮನ ವೇಷದಲ್ಲಿ ಮಾದಪ್ಪ ಬರುತ್ತಾನೆ, ಅವಳನ್ನು ಬಿಡಿಸುತ್ತಾನೆ, ಸಂತಾನದ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಹೀಗೆ. ಕಾಡಿನಿಂದ ಮರಳಿದ ನೀಲೇಗೌಡ ಬಸುರಿ ಹೆಂಡತಿಯನ್ನು ನೋಡಿ ಮತ್ತೆ ಕಿಡಿಯಾಗುತ್ತಾನೆ. ಅವಳು ಸತ್ಯಪರೀಕ್ಷೆಗೆ ನಿಂತು ಗೆದ್ದುಬರಬೇಕಾಗುತ್ತದೆ.

ಈ ಕಥೆಯನ್ನು ನೂರಾರು ವರ್ಷಗಳಿಂದ ಹಾಡುತ್ತಿರುವವರು ಗಂಡಸರು. ಹಾಡಿಸಿಕೊಳ್ಳುವ ಮನೆಯ ಜಗಲಿಯಲ್ಲಿ ಹೆಂಗಸರೂ ಕೂತಿರುತ್ತಾರೆ. ಗಂಡ ಕೇಳಿದ ಭಾಷೆಯನ್ನು ಕೊಡದ ಹೆಣ್ಣಿನ ದನಿಯನ್ನು ಗುಡ್ಡ ತನ್ನ ಗಂಟಲಲ್ಲಿ ತರುತ್ತಾನೆ, ಅವಳ ನೋವನ್ನು ಬೆಳಗಿನ ಜಾವದ ತನಕ ಎಳೆಯುತ್ತಾನೆ. ದೇವರು ಕೂಡ ಆಣೆ ಕೇಳಿದ ಗಂಡನ ಕಡೆ ನಿಲ್ಲದೆ, ಆಣೆ ನಿರಾಕರಿಸಿದ ಹೆಂಡತಿಯ ಬಾಗಿಲಿಗೆ ಬರುತ್ತಾನೆ. ಕನ್ನಡದ ಯಾವ ಶಿಷ್ಟ ಕಾವ್ಯದಲ್ಲಿ ಇಷ್ಟು ನೇರವಾಗಿ ಈ ಮಾತಿದೆ? ಸೀತೆ ಬೆಂಕಿಗೆ ಇಳಿಯುತ್ತಾಳೆ. ಸಂಕಮ್ಮ ಅದಕ್ಕೂ ಮೊದಲೇ, ಕೇಳುವ ಹಕ್ಕೇ ನಿನಗಿಲ್ಲ ಎಂದು ನಿಲ್ಲುತ್ತಾಳೆ, ಪರೀಕ್ಷೆ ಆಮೇಲಿನದು. ಒಬ್ಬ ರ‍್ಯಾಪರ್‌ಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ? ಬಂಧನದ ಗುಡಿಸಲು, ಎದುರುತ್ತರ, ಅಧಿಕಾರಕ್ಕೆ ಸವಾಲು ಎಲ್ಲವೂ ಅಲ್ಲೇ ಇದೆ. ಹಾಡಿನ ತಂಡ ಚಾಮರಾಜನಗರದ ಯಾವುದಾದರೂ ಊರಿಗೆ ಬಂದು ಈ ಸಾಲನ್ನು ಕೂತು ಕೇಳಿದ್ದರೆ, ಸಂಕಮ್ಮನಿಗೆ ಯಾವ ಉಡುಪು ತೊಡಿಸಬೇಕೆಂಬ ಯೋಚನೆಗೆ ಮುಂಚೆ ಅವಳ ಬಾಯಿಗೆ ಯಾವ ಮಾತು ಕೊಡಬೇಕೆಂಬ ಯೋಚನೆ ಬರುತ್ತಿತ್ತು.

ಇನ್ನು ಪ್ರತಿಭಟಿಸಿದವರ ವಿಚಾರ. ಅವರ ನೋವು ನಿಜ. ಮನೆಯ ತಾಯಿಯೆಂದು ಕೈಮುಗಿಯುವವಳನ್ನು ಪಬ್ಬಿನ ಹಾಡಿನ ಲೆಕ್ಕದಲ್ಲಿ ಕುಣಿಸಿದರೆ ಯಾರಿಗಾದರೂ ಉರಿಯುತ್ತದೆ. ಬೆಂಗಳೂರಿನಲ್ಲಿ ಕೂತು ಇದನ್ನು ಮೂಢತನ ಎಂದವರ ಜೊತೆ ನಾನಿಲ್ಲ. ಆದರೆ ಆ ಸಿಟ್ಟು ಹೊರಬಂದ ಭಾಷೆಯನ್ನು ಗಮನಿಸಬೇಕು. ಸಂಕಮ್ಮನ ಮಾನ, ಸಂಕಮ್ಮನ ಉಡುಗೆ, ಸಂಕಮ್ಮನ ಪಾವಿತ್ರ್ಯ: ಮಾತೆಲ್ಲ ಅಲ್ಲೇ ಸುತ್ತಿತು. ಅವಳ ಶೀಲಕ್ಕೆ ಕಾವಲು ನಿಲ್ಲುವ ಕೆಲಸವನ್ನು ಕಥೆಯೊಳಗೆ ಮಾಡಹೊರಟವನು ನೀಲೇಗೌಡ. ಆ ಕಾವಲನ್ನು ಧಿಕ್ಕರಿಸಿದ್ದಕ್ಕೇ ಅವಳು ಗುಡಿಸಲಲ್ಲಿ ಬಂದಿಯಾದದ್ದು. ವಿಡಿಯೊ ಅವಳನ್ನು ನೋಡುವ ವಸ್ತುವಾಗಿಸಿತು, ದೂರು ಅವಳನ್ನು ಮುಚ್ಚಿಡುವ ವಸ್ತುವಾಗಿಸಿತು. ನೀವು ನಮ್ಮ ಸಂಕಮ್ಮನ ಧೈರ್ಯವನ್ನು ಕದ್ದಿರಿ, ಅವಳ ಮಾತನ್ನು ಕಿತ್ತುಕೊಂಡಿರಿ ಎಂದು ದೂರು ಕೊಟ್ಟಿದ್ದರೆ ಆ ಪ್ರತಿಭಟನೆ ಕನ್ನಡದ ಸಂಸ್ಕೃತಿ ಚರ್ಚೆಯನ್ನೇ ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತಿತ್ತು.

ದುಡ್ಡಿನ ಮಾತು ಎತ್ತದೆ ಈ ಚರ್ಚೆ ಪೂರ್ತಿಯಾಗದು. ಭಕ್ತಿಯ ವಿಷಯದಲ್ಲಿ ದುಡ್ಡು ಎತ್ತುವುದು ಚೆನ್ನಲ್ಲ ಎಂಬ ಸಂಕೋಚ ನಮಗಿದೆ. ಆ ಸಂಕೋಚದ ಲಾಭ ಮಾತ್ರ ಗುಡ್ಡನ ಜೋಳಿಗೆಗೆ ಬೀಳುವುದಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾನೂನು 1957ರದು. ಅದರ ಪ್ರಕಾರ ಕೃತಿಗೆ ಕರ್ತೃ ಬೇಕು, ಆ ಕರ್ತೃವಿನ ಆಯುಷ್ಯದ ಮೇಲೆ ಹಕ್ಕಿನ ಅವಧಿ ಎಣಿಸಬೇಕು. ಕೋಲುಮಂಡೆಗೆ ಕರ್ತೃ ಯಾರು? ಯಾರೂ ಅಲ್ಲ, ಆದ್ದರಿಂದ ಅದು ಎಲ್ಲರದು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಅದೇ ಹಾಡನ್ನು ಒಂದು ಕಂಪನಿ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದರೆ, ಆ ಮುದ್ರಣದ ಹಕ್ಕು ಅರವತ್ತು ವರ್ಷ ಕಂಪನಿಯದು. ಎಲ್ಲರ ಸೊತ್ತಾಗಿದ್ದ ಹಾಡಿನ ಮೇಲೆ ಒಬ್ಬರ ಬೇಲಿ ಬೀಳುತ್ತದೆ. ಬೇಲಿಯೊಳಗಿನ ಫಸಲು ಬೇಲಿ ಹಾಕಿದವರಿಗೆ. ಗುಡ್ಡನಿಗೆ ಉಳಿಯುವುದು ‘ಸಾಹಿತ್ಯ: ಜಾನಪದ’ ಎಂಬ ಎರಡು ಪದ. ಜಾನಪದ ಎಂಬ ಹೆಸರಿನ ಮನುಷ್ಯ ಯಾವ ಊರಿನಲ್ಲೂ ಇಲ್ಲ, ಅವನಿಗೆ ಬ್ಯಾಂಕಿನಲ್ಲಿ ಖಾತೆಯೂ ಇಲ್ಲ.

2012ರ ತಿದ್ದುಪಡಿ ಒಂದು ಕಿಂಡಿ ತೆರೆದಿದೆ. ಹಾಡು ಯಾರದೇ ಆಗಿರಲಿ, ಹಾಡಿದವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕಿದೆ. ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕಿದೆ. ವಾಣಿಜ್ಯ ಬಳಕೆಯಾದರೆ ರಾಯಧನದ ಹಕ್ಕಿದೆ. ಚಾಮರಾಜನಗರದ ಗುಡ್ಡನೊಬ್ಬ ಹಾಡಿದ್ದನ್ನು ಮುದ್ರಿಸಿ ರ‍್ಯಾಪಿನೊಳಗೆ ಸೇರಿಸಿದರೆ ಅವನು ಇದನ್ನು ಕೇಳಬಹುದು. ಆದರೆ ಅವನಿಂದ ಕಲಿತ ರಾಗವನ್ನು ಸ್ಟುಡಿಯೊ ಗಾಯಕ ಹಾಡಿದರೆ ಈ ಕಿಂಡಿಯೂ ಮುಚ್ಚುತ್ತದೆ. ಬಹುತೇಕ ಹಿಟ್ ಹಾಡುಗಳು ಆ ದಾರಿಯಲ್ಲೇ ಬರುತ್ತವೆ. ‘ಜನುಮದ ಜೋಡಿ’ಯ ಹಾಡಿಗೆ ಪ್ರಶಸ್ತಿ ಬಂದದ್ದು ನ್ಯಾಯವೇ, ಶಾಸ್ತ್ರಿಯವರ ದನಿಯಲ್ಲಿ ಅಷ್ಟು ಆರ್ದ್ರತೆ ಇತ್ತು. ಆದರೆ ರಾಗವನ್ನು ಉಳಿಸಿಕೊಂಡು ಬಂದವರನ್ನು ಕರೆದು ಕೂರಿಸಲು ಆ ಪ್ರಶಸ್ತಿಯ ಪಟ್ಟಿಯಲ್ಲಿ ಕುರ್ಚಿಯೇ ಇರಲಿಲ್ಲ.

ಹಿಪ್‌ಹಾಪ್ ತನ್ನ ಮನೆಯಲ್ಲೂ ಇದೇ ಪಾಪ ಮಾಡಿದೆ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡದ ಧ್ವನಿಮುದ್ರಿಕೆಯಲ್ಲಿ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ ವಾದಕ ಆರೇಳು ಸೆಕೆಂಡ್ ಒಬ್ಬನೇ ನುಡಿಸಿದ. ಆ ತುಣುಕು ಮುಂದೆ ಸಾವಿರಾರು ಹಾಡುಗಳಲ್ಲಿ ಸೇರಿಕೊಂಡು ಅದರ ಮೇಲೆ ಒಂದು ಉದ್ಯಮವೇ ನಿಂತಿತು. ಕೋಲ್ಮನ್‌ಗೆ ಅದರಿಂದ ಏನೂ ಬರಲಿಲ್ಲ. 2006ರಲ್ಲಿ ಸೂರಿಲ್ಲದವನಾಗಿ ತೀರಿಕೊಂಡ. ಅನುಮತಿಯಿಲ್ಲದೆ ತುಣುಕು ಬಳಸುವಂತಿಲ್ಲ ಎಂಬ ಕಟ್ಟುನಿಟ್ಟು ಅಮೆರಿಕದಲ್ಲಿ 1991ರ ಒಂದು ಕೋರ್ಟ್ ತೀರ್ಪಿನ ನಂತರವೇ ಬಂದದ್ದು.

ನಮ್ಮ ಪಕ್ಕದ ರಾಜ್ಯ ತಮಿಳುನಾಡಿನ ಉದಾಹರಣೆ ಇನ್ನೂ ಹತ್ತಿರದ್ದು. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ನೀಲಗಿರಿ, ಚಹಾ ತೋಟದ ಕೂಲಿಗಳ ಸೀಮೆ. 2021ರ ಮಾರ್ಚ್‌ನಲ್ಲಿ ಬಂದ ‘ಎಂಜಾಯ್ ಎಂಜಾಮಿ’ ಅಂಥದೇ ಕೂಲಿಗಳ ನೆನಪಿನಿಂದ ಹುಟ್ಟಿತು. ರ‍್ಯಾಪರ್ ಅರಿವು, ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಮರಳಿದ ತನ್ನ ಅಜ್ಜಿ ವಳ್ಳಿಯಮ್ಮಾಳ್ ಕಥೆಯನ್ನು, ಸಾವಿನ ಮನೆಯ ಒಪ್ಪಾರಿಯ ಧಾಟಿಯನ್ನು ಅದರೊಳಗೆ ತಂದ. ಧೀ ಜೊತೆಗೆ ಹಾಡಿದರು, ಸಂಗೀತ ಸಂತೋಷ್ ನಾರಾಯಣನ್ ಅವರದು. ಇಲ್ಲಿ ಕಥೆ ಕಳಚಲಿಲ್ಲ, ಜನ ಕಳಚಲಿಲ್ಲ. ಹಾಡಿನ ಬಲ ಇದ್ದದ್ದೇ ಅಲ್ಲಿ. ಆದರೂ ಅದೇ ವರ್ಷ ಒಂದು ಪ್ರಸಿದ್ಧ ಸಂಗೀತ ಪತ್ರಿಕೆ ತನ್ನ ಮುಖಪುಟದಿಂದ ಅರಿವುವನ್ನು ಬಿಟ್ಟಿತು, ಪ್ರತಿಭಟನೆಯಾದ ಮೇಲೆ ಬೇರೆ ಮುಖಪುಟ ಮಾಡಿತು. ಮುಂದೆ ಸಾಹಿತ್ಯ, ರಾಗ ಯಾರವು ಎಂಬ ಜಗಳ ಬೀದಿಗೆ ಬಂತು. ಕೋಟಿಗಟ್ಟಲೆ ಜನ ಕೇಳಿದ ಆ ಹಾಡಿನಿಂದ ತಮಗೆ ಹಣವೇ ಬಂದಿಲ್ಲವೆಂದು 2024ರಲ್ಲಿ ಸಂತೋಷ್ ನಾರಾಯಣನ್ ಹೇಳಿಕೊಂಡರು. ಹೆಸರಾಂತ ಸಂಗೀತ ನಿರ್ದೇಶಕನ ಪಾಡೇ ಹೀಗಾದರೆ ನಮ್ಮ ಜಿಲ್ಲೆಯ ರಾಮಸಮುದ್ರದ, ತೆರಕಣಾಂಬಿಯ ಗುಡ್ಡನ ಪಾಡು ಊಹಿಸಬಹುದು.

ಹಾಗಾದರೆ ಮುಂದೆ ಮಾದಪ್ಪನ ಹಾಡು ಮುಟ್ಟುವವರು ಯಾರದೋ ಅನುಮತಿ ಪಡೆದೇ ಮುಟ್ಟಬೇಕೆಂದು ಕಟ್ಟಳೆ ಮಾಡೋಣವೇ? ಬೇಡ. ಇಲ್ಲಿ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಅನುಮತಿ ಕೊಡುವವರು ಯಾರಾಗುತ್ತಾರೆ? ಬೆಟ್ಟದ ಪ್ರಾಧಿಕಾರವೇ, ಮಠವೇ, ಜಿಲ್ಲಾ ಕೇಂದ್ರದ ಯಾವುದಾದರೂ ಸಂಘವೇ? ಗುಡ್ಡರ ಕಾವ್ಯ ಎಂದೂ ಒಂದು ಕೈಯಲ್ಲಿ ಇದ್ದದ್ದಲ್ಲ. ಸುತ್ತೂರು ಮಠದಲ್ಲಿ ಮಾದಪ್ಪ ರಾಗಿ ಬೀಸಿದ ಭಾಗವನ್ನು ಒಬ್ಬ ಹಿಗ್ಗಿಸುತ್ತಾನೆ, ಹರಳಯ್ಯನ ಭಾಗವನ್ನು ಇನ್ನೊಬ್ಬ. ಜಾತಿಗೊಂದು, ಊರಿಗೊಂದು ಪಾಠವಿದೆ. ಒಂದು ಕಚೇರಿಯ ಮುದ್ರೆ ಬಿದ್ದ ದಿನ ಉಳಿದ ಪಾಠಗಳೆಲ್ಲ ತಪ್ಪು ಪಾಠಗಳಾಗುತ್ತವೆ, ಮೊದಲು ಅಳಿಸಿಹೋಗುವುದು ಹೊಲೆಯರ, ಸೋಲಿಗರ ಪಾಠ. ಭಕ್ತಿಯ ಹೆಸರಿನಲ್ಲಿ ಬರುವ ಅನುಮತಿ ಪತ್ರ ನಾಳೆ ಹಾಡುವ ಗುಡ್ಡನ ಕೈಯನ್ನೇ ಕಟ್ಟೀತು.

ವಿಡಿಯೊ ತೆಗೆಸಿದ್ದರಿಂದಲೂ ಯಾರಿಗೆ ಏನು ಸಿಕ್ಕಿತು ಎಂದು ನೋಡಿ. ಕಂಪನಿಗೆ ಸ್ವಲ್ಪ ನಷ್ಟ, ಕಲಾವಿದನಿಗೆ ಒಂದು ವಾರದ ತಲೆನೋವು. ಜಿಲ್ಲೆಯ ಒಬ್ಬ ಗುಡ್ಡನಿಗೂ ಒಂದು ರೂಪಾಯಿ ಬರಲಿಲ್ಲ, ಒಬ್ಬನ ಹೆಸರೂ ಬೆಳಕಿಗೆ ಬರಲಿಲ್ಲ. ಅದರ ಬದಲು ಪ್ರತಿಭಟನೆ ಬೇರೆ ಬೇಡಿಕೆ ಇಡಬಹುದಿತ್ತು: ಯಾವ ಊರಿನ ಯಾರ ಹಾಡಿಕೆಯಿಂದ ಈ ರಾಗ ಕಲಿತಿರಿ, ಬರೆಯಿರಿ, ಹಾಡು ತಂದ ಹಣದಲ್ಲಿ ಒಂದು ಪಾಲನ್ನು ಆ ಮೇಳಕ್ಕೆ ಕೊಡಿ, ಮೂಲ ಹಾಡಿಕೆಯನ್ನೂ ಅದೇ ಚಾನೆಲ್ಲಿನಲ್ಲಿ ಪೂರ್ತಿಯಾಗಿ ಹಾಕಿ. 2025ರಲ್ಲಿ ರ‍್ಯಾಪರ್ ಹನುಮಾನ್‌ಕೈಂಡ್ ತನ್ನ ‘ರನ್ ಇಟ್ ಅಪ್’ ಹಾಡಿಗೆ ಚೆಂಡೆಯ ಲಯ ತಂದಾಗ, ವಿಡಿಯೊದಲ್ಲಿ ತೋರಿಸಿದ ಕಲೆಗಳನ್ನು ಬದುಕಾಗಿಸಿಕೊಂಡವರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದ. ಕಳರಿಪಯಟ್ಟು, ತೆಯ್ಯಂ, ಮಣಿಪುರದ ತಾಂಗ್‌–ತಾ ಎಲ್ಲ ಆಯಾ ಕಲಾವಿದರ ಮೈಮೇಲೇ ಬಂದವು. ಹಣದ ಪಾಲು ಬೇರೆ ಪ್ರಶ್ನೆ. ಮುಖವನ್ನಾದರೂ ಕೊಟ್ಟ.

ಇದೆಲ್ಲಕ್ಕಿಂತ ಹೆಚ್ಚಾಗಿ ನನಗಿರುವ ಆಸೆ ಬೇರೆ. ಹಾಡನ್ನು ಬೆಂಗಳೂರಿಗೆ ಒಯ್ದು ತಿರುಗ ಜಿಲ್ಲೆಗೆ ಮಾರುವ ಈ ವ್ಯಾಪಾರದಾಚೆ, ಜಿಲ್ಲೆಯ ಹುಡುಗ ಹುಡುಗಿಯರೇ ರ‍್ಯಾಪ್ ಮಾಡಬೇಕು. ಬೀಟ್ ಮಾಡಲು ಈಗ ಒಂದು ಫೋನ್ ಸಾಕು. ಬೇಕಾದದ್ದು ತನ್ನ ಮಾತಿನ ಮೇಲೆ ನಂಬಿಕೆ. ‘ಯಾನ’, ‘ಬುದ್ಧಿ’, ‘ಬತ್ತಿನಿ’, ‘ಹೋಯ್ತಿನಿ’ ಎನ್ನುವ ಈ ಸೀಮೆಯ ನುಡಿಯನ್ನು ನಮ್ಮ ಸಿನಿಮಾ, ಟೀವಿ ನಗೆಪಾಟಲಿಗೆ ಬಳಸಿಕೊಂಡಷ್ಟು ಬೇರೆ ಯಾವುದಕ್ಕೂ ಬಳಸಿಲ್ಲ. ಆದರೆ ಇದೇ ನೆಲದ ನುಡಿಯಲ್ಲಿ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದರು, ಅದರ ಲಯಕ್ಕೆ ಕನ್ನಡ ಗದ್ಯವೇ ತಲೆದೂಗಿತು. ಇಲ್ಲಿನ ಇನ್ನೊಂದು ಹಾಡುಗಾರರ ಪರಂಪರೆಯಾದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರನ್ನು ಇದೇ ನುಡಿಯಲ್ಲಿ ಹಾಡುತ್ತಾರೆ. ಹಲಗೂರಿನ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನು ಸಿದ್ದಪ್ಪಾಜಿ ಗೆದ್ದ ಕಥೆ ಚಿಕ್ಕಲ್ಲೂರ ಜಾತ್ರೆಯಲ್ಲಿ ಕೇಳಿದವರಿಗೆ ಗೊತ್ತು, ಸವಾಲಿಗೆ ಸವಾಲು ಎಸೆಯುವ ರ‍್ಯಾಪ್ ಕಾಳಗಕ್ಕೆ ಈ ನುಡಿ ಎಷ್ಟು ಹರಿತವೆಂದು.

ವಸ್ತುವಿಗೆ ಬರವಿಲ್ಲ. ಗುಂಡ್ಲುಪೇಟೆಯ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳಲ್ಲಿ ಕೇರಳದ ಪ್ರವಾಸಿಗರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹೂ ಬಿಡಿಸುವವಳ ಕೂಲಿ ಆ ಫೋಟೊದಲ್ಲಿ ಕಾಣುವುದಿಲ್ಲ. ರಾತ್ರಿ ಮುಚ್ಚುವ ಬಂಡೀಪುರದ ಹೆದ್ದಾರಿಯ ಎರಡು ಬದಿಗೂ ಬದುಕಿದೆ, ಆನೆಯದೂ ರೈತನದೂ. ಹನೂರಿನ ಸುಳ್ವಾಡಿಯಲ್ಲಿ 2018ರ ಡಿಸೆಂಬರ್‌ನಲ್ಲಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ವಿಷ ಬೆರೆಸಿದ್ದರಿಂದ 17 ಜನ ಸತ್ತರು. ‘ಕೋಲುಮಂಡೆ’ ಇಳಿದ ಎಂಟು ತಿಂಗಳಿಗೆ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಒಬ್ಬೊಬ್ಬರಾಗಿ ಉಸಿರು ನಿಲ್ಲಿಸಿದರು. ಒಂದೇ ದಿನದಲ್ಲಿ 24 ಸಾವುಗಳ ಸುದ್ದಿ ಬಂತು. ಸಾಯುತ್ತಿರುವವರ ಕಡೆಯವರು ಫೋನ್ ಮೇಲೆ ಫೋನ್ ಮಾಡಿ ಗೋಗರೆದ ಆ ರಾತ್ರಿಯನ್ನು ಪತ್ರಿಕಾ ವರದಿ ಹೇಳಿತು, ತನಿಖೆಯ ಕಡತ ಹೇಳಿತು. ಒಪ್ಪಾರಿಯ ಧಾಟಿಯಲ್ಲಿ ಅರಿವು ತನ್ನ ಅಜ್ಜಿಯ ಕಥೆ ಹೇಳಿದ ಹಾಗೆ, ಗುಡ್ಡರು ಶ್ರವಣನ ಅನ್ಯಾಯವನ್ನು ಎಳೆಎಳೆಯಾಗಿ ಹೇಳುವ ಹಾಗೆ, ಆ ರಾತ್ರಿಯನ್ನು ಹೆಸರು ಹಿಡಿದು, ಹೊತ್ತು ಹಿಡಿದು ಹೇಳಬಲ್ಲ ರೂಪ ರ‍್ಯಾಪ್. ಯಾರು ಯಾರಿಗೆ ಫೋನ್ ಮಾಡಿದರು, ಮೈಸೂರಿನಿಂದ ಸಿಲಿಂಡರ್ ಹೊರಟಿತೇ, ಹೊರಟಿದ್ದರೆ ಎಷ್ಟು ಹೊತ್ತಿಗೆ ಎಂದು ಒಂದರ ಮೇಲೊಂದು ಪ್ರಶ್ನೆ ಹೇರುತ್ತ ಹೋದರೆ ಅದಕ್ಕೆ ಬೀಟ್ ಕೂಡ ಹೆಚ್ಚು ಬೇಡ.

ಅಂಥದೊಂದು ಹಾಡು ಈ ಜಿಲ್ಲೆಯಿಂದ ಬಂದರೆ ಅದಕ್ಕೂ ವಿರೋಧ ಬರುತ್ತದೆ, ಬಹುಶಃ ‘ಕೋಲುಮಂಡೆ’ಗೆ ಬಂದದ್ದಕ್ಕಿಂತ ಜೋರಾಗಿ, ಮತ್ತು ಆಗ ವಿರೋಧಿಸುವವರು ಭಕ್ತರಾಗಿರುವುದಿಲ್ಲ. ಹಾಡಿದವರನ್ನು ಕರೆಸಿ, ಇನ್ನು ಮುಂದೆ ಇಂಥದ್ದು ಹಾಡುವುದಿಲ್ಲವೆಂದು ಬರೆದುಕೊಡು ಎನ್ನುತ್ತಾರೆ. ಏನು ಉತ್ತರ ಕೊಡಬೇಕೆಂದು ಆ ಹುಡುಗಿ ಅಥವಾ ಹುಡುಗ ಬೇರೆಲ್ಲೂ ಹೋಗಿ ಕಲಿಯಬೇಕಾಗಿಲ್ಲ. ಸಂಕಮ್ಮನ ಸಾಲನ್ನು ಮನೆಯ ಜಗಲಿಯಲ್ಲಿ ಕೇಳಿರುತ್ತಾರೆ.